ನೋವಾಯ್ತು ಅನ್ನುವುದು, ನೋಯಿಸಿದ ಅನ್ನುವುದು

ಮನಸ್ಸಿನ ನೋವನ್ನು ಹೇಳಲು ಕನ್ನಡದಲ್ಲಿ ಮೂರು ದಾರಿ ಇವೆ. 'ನನಗೆ ನೋವಾಯ್ತು' ಅನ್ನಬಹುದು. 'ನಾನು ನೊಂದುಕೊಂಡೆ' ಅನ್ನಬಹುದು. 'ಅವನು ನನ್ನನ್ನು ನೋಯಿಸಿದ' ಅಂತಲೂ ಅನ್ನಬಹುದು. ಮಾತಿನ ಭರದಲ್ಲಿ ಮೂರನ್ನೂ ಒಂದೇ ಅಂದುಕೊಂಡು ಬಳಸುತ್ತೇವೆ. ಮೊದಲನೆಯದರಲ್ಲಿ ನೋವು ಮಳೆ ಬಂದ ಹಾಗೆ ಬರುತ್ತದೆ, ಸುರಿಸಿದವರು ಯಾರೂ ಇಲ್ಲ. ಎರಡನೆಯದರಲ್ಲಿ ನೊಂದವನೇ ಕರ್ತೃ. ತನಗೆ ತಾನೇ ಏನೋ ಮಾಡಿಕೊಂಡ ಹಾಗೆ. ಮೂರನೆಯದರಲ್ಲಿ ಮಾತ್ರ ಇನ್ನೊಬ್ಬ ಮನುಷ್ಯ ವಾಕ್ಯದೊಳಕ್ಕೆ ಬಂದು ನಿಲ್ಲಬೇಕಾಗುತ್ತದೆ. ಅವನಿಗೆ ಒಂದು ಹೆಸರು ಬೇಕಾಗುತ್ತದೆ. ನಮ್ಮ ಮೇಷ್ಟ್ರುಗಳು 'ಮಾಡು, ಮಾಡಿಸು', 'ನೋಯು, ನೋಯಿಸು' ಅಂತ ಪ್ರೇರಣಾರ್ಥಕ ಕ್ರಿಯಾಪದ ಬರೆಸುತ್ತಿದ್ದಾಗ ಇದರಲ್ಲಿ ಇಷ್ಟು ರಾಜಕೀಯ ಇದೆ ಅಂತ ನಮಗೂ ಗೊತ್ತಿರಲಿಲ್ಲ, ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ. ನಾವು ಇಲ್ಲಿ ಬರೆಯುತ್ತಿರುವುದು ಆ ಮೂರನೆಯ ವಾಕ್ಯದ ಚರಿತ್ರೆ.

ಪದ ಹಳೆಯದು, ಸಂಸ್ಕೃತದ ಸಾಲವಲ್ಲ. ಬರೋ ಮತ್ತು ಎಮನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ ತಮಿಳಿನ ನೋಯ್, ತೆಲುಗಿನ ನೊಪ್ಪಿ, ಕನ್ನಡದ ನೋವು ಎಲ್ಲವನ್ನೂ ಒಂದೇ ಬೇರಿಗೆ ಕಟ್ಟುತ್ತದೆ. ತಮಿಳಿನಲ್ಲಿ ನೋಯ್ ಅಂದರೆ ಕಾಯಿಲೆ. ಕನ್ನಡದಲ್ಲಿ ಅದು ಮೈಯ ನೋವೂ ಹೌದು, ಮನಸ್ಸಿನ ನೋವೂ ಹೌದು. ಬೆಂಗಳೂರಿನ ಹೊರವಲಯದಲ್ಲಿ ಈ ಮೂರು ಭಾಷೆಗಳೂ ಒಂದೇ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತವೆ. ಕಾಡುಗೋಡಿ, ಹೊಸಕೋಟೆ ಕಡೆ ತೆಲುಗು, ಅತ್ತಿಬೆಲೆ ಕಡೆ ತಮಿಳು ಮತ್ತು ತೆಲುಗು. ತೆಲುಗಿನವರಿಗೂ 'ನೊಚ್ಚುಕೊನು' ಅಂತ ಇದೆ, ನಮ್ಮ ನೊಂದುಕೊಳ್ಳುವ ಹಾಗೆಯೇ. ನೋಯಿಸುವುದಕ್ಕೆ ಅವರಲ್ಲಿ 'ನೊಪ್ಪಿಂಚು' ಇದೆ. ನೊಂದವನ ತಲೆಯ ಮೇಲೆಯೇ ನೋವಿನ ಹೊರೆ ಹೊರಿಸುವ ಜಾಣತನ ಕನ್ನಡದ್ದು ಮಾತ್ರ ಅಂತ ನಾವು ನಾಚಿಕೊಳ್ಳಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಒಂದು ವಚನ ಜನರನ್ನು ನೊಂದವರು, ನೋಯದವರು ಅಂತ ಎರಡು ಮಾಡಿ ನಿಲ್ಲಿಸುತ್ತದೆ. ಅದು ಎಲ್ಲರ ಬಾಯಲ್ಲೂ ಇದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಭಾಷಣ ಮಾಡುವವರು ಅದರ ಮೊದಲ ಭಾಗ ಹೇಳಿ ಚಪ್ಪಾಳೆ ಗಿಟ್ಟಿಸಿ ಕೂತುಬಿಡುತ್ತಾರೆ. ಕೊನೆಯಲ್ಲಿ ಅಕ್ಕ ಒಂದು ಕೆಲಸ ಮಾಡುತ್ತಾಳೆ: ತನ್ನನ್ನು ಇರಿದವನು ಯಾರು ಅಂತ ಹೆಸರು ಹಿಡಿದು ಹೇಳುತ್ತಾಳೆ. ಅವನು ಅವಳ ದೇವರೇ. ದೇವರ ಹೆಸರನ್ನೇ ಹೇಳಿದ ಹೆಣ್ಣಿನ ನಾಡಿನಲ್ಲಿ ಊರ ಪಟೇಲನ ಹೆಸರು ಹೇಳುವುದಕ್ಕೆ ಮತ್ತೆ ಏಳೆಂಟು ನೂರು ವರ್ಷ ಬೇಕಾಯಿತು.

ಯಾಕೆ ಬೇಕಾಯಿತು? ಊರಿನಲ್ಲಿ ಮನಸ್ಸು ಅನ್ನುವುದು ಎಲ್ಲರಿಗೂ ಇರಲಿಲ್ಲ. 'ಧಣಿಗಳು ಮನಸ್ಸಿಗೆ ಹಚ್ಕೊಂಡವ್ರಂತೆ' ಅನ್ನುವುದು ಊರಿಗೆಲ್ಲ ಸುದ್ದಿ. ಹೊಲಗೇರಿಯ ಮುದುಕ ಮನಸ್ಸಿಗೆ ಹಚ್ಚಿಕೊಂಡ ಅನ್ನುವುದು ಯಾರಿಗೆ ಸುದ್ದಿ? ಚಪ್ಪಲಿ ಮೆಟ್ಟಿ ಊರೊಳಗೆ ನಡೆದರೆ ಗೌಡರಿಗೆ ನೋವು. ಹೋಟ್ಲಲ್ಲಿ ಬೆಂಚಿನ ಮೇಲೆ ಕೂತರೆ ಊರಿಗೇ ನೋವು. ನಮ್ಮ ಅವ್ವಂದಿರು ನೋವು ಅಂದರೆ ಅದು ಸೊಂಟದ್ದು, ಮೊಣಕಾಲಿನದು. ಮನಸ್ಸಿನದಕ್ಕೆ ಅವರು ಬೇರೆ ಮಾತು ಇಟ್ಟುಕೊಂಡಿದ್ದರು: ಎದೆಗೆ ಚುಚ್ಚಿದಂಗಾಯ್ತು, ಕರುಳಿಗೆ ಬೆಂಕಿ ಇಟ್ಟಂಗಾಯ್ತು. ಚುಚ್ಚಿದಂಗೆ, ಇಟ್ಟಂಗೆ. ಅಲ್ಲೂ 'ಹಂಗೆ' ಬಂತು, ಚುಚ್ಚಿದವನು ಬರಲಿಲ್ಲ.

ಆದರೆ ನೋಯಿಸುವುದಕ್ಕೆ ಪದಗಳು ಎಷ್ಟು! ಜರಿ, ಹೀಯಾಳಿಸು, ಮೂದಲಿಸು, ಹಂಗಿಸು, ಕೊಂಕು ಆಡು. ಇದರಲ್ಲಿ 'ಹಂಗಿಸು' ಅನ್ನುವುದನ್ನು ಸ್ವಲ್ಪ ಕೈಗೆತ್ತಿಕೊಂಡು ನೋಡಬೇಕು. ಹಂಗು ಅಂದರೆ ಋಣ. ಇನ್ನೊಬ್ಬನ ಅನ್ನ ಉಂಡ ಋಣ. ಹಂಗಿಸುವುದು ಅಂದರೆ ನೀನು ನನ್ನ ಅನ್ನ ಉಂಡವನು ಅಂತ ನೆನಪು ಮಾಡಿ ಕುಟುಕುವುದು. ಜೀತಗಾರನನ್ನು ಹಾಗೆ ಹಂಗಿಸುತ್ತಿದ್ದರು, ಯಾರ ದುಡಿಮೆಯಲ್ಲಿ ಯಾರು ಉಂಡರು ಅನ್ನುವ ಲೆಕ್ಕವನ್ನೇ ತಿರುಗುಮುರುಗು ಮಾಡಿ. ಈಗ ಹಾಸ್ಟೆಲಿನ ಹುಡುಗನನ್ನು, ಮೀಸಲಾತಿಯಲ್ಲಿ ಸೀಟು ತೆಗೆದುಕೊಂಡ ಹುಡುಗಿಯನ್ನು ಹಂಗಿಸುತ್ತಾರೆ. ಕ್ರಿಯಾಪದ ಅದೇ, ಜೀತದ ಮನೆಯಿಂದ ಕಾಲೇಜಿಗೆ ಬಂದಿದೆ.

ಇನ್ನು ಕಾನೂನು. 1860ರ ಭಾರತೀಯ ದಂಡ ಸಂಹಿತೆಯ 298ನೇ ಕಲಂ ಒಬ್ಬನ ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವ ಮಾತು ಆಡಿದರೆ ಶಿಕ್ಷೆ ಅಂದಿತು. 1927ರಲ್ಲಿ 295-ಎ ಸೇರಿತು. ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಬೇಕೆಂದೇ, ದ್ವೇಷದಿಂದ ಕೆರಳಿಸುವುದು ಅಪರಾಧವಾಯಿತು. ಅದೇ 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಕುಡಿದರು. ಕುಡಿದು ಹಿಂತಿರುಗುತ್ತಿದ್ದವರ ಮೇಲೆ ಹಲ್ಲೆಯಾಯಿತು. ಆಮೇಲೆ ಸವರ್ಣೀಯರು 108 ಕೊಡ ಹಾಲು, ಮೊಸರು, ಸಗಣಿ, ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಗಂಜಲ ಸುರಿದದ್ದರಿಂದ ಕುಡಿದವರಿಗೆ ಏನಾಯಿತು ಅನ್ನುವುದಕ್ಕೆ ಆ ವರ್ಷದ ಕಾನೂನಿನಲ್ಲಿ ಕಲಂ ಇರಲಿಲ್ಲ. ಭಾವನೆ ಅಂದರೆ ಧರ್ಮದ ಭಾವನೆ. ಮುಟ್ಟಿಸಿಕೊಳ್ಳದವನ ಭಾವನೆಗೆ ಸರ್ಕಾರಿ ಹೆಸರು ಬರಲು ಸ್ವಾತಂತ್ರ್ಯ ಬಂದು ಸಂವಿಧಾನ ಬರಬೇಕಾಯಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೊಸ ಹೆಸರು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. 1860ರಿಂದ 1989ಕ್ಕೆ ಲೆಕ್ಕ ಹಾಕಿಕೊಳ್ಳಿ. (ಹಳೆಯ ಸಂಹಿತೆ ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಧಾರ್ಮಿಕ ಭಾವನೆಯ ಎರಡೂ ಕಲಂಗಳು ಅಲ್ಲಿ 299 ಮತ್ತು 302 ಆಗಿ ಸುಖವಾಗಿವೆ.)

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಭಾಷಣಕ್ಕೆ ಕರೆದು, ಬರೆದ ಭಾಷಣವನ್ನು ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರು. ಅವರು ಜಾತಿ ಮುರಿಯಲು ಹೊರಟಿದ್ದ ಸುಧಾರಕರು. ಆದರೆ ಕೇಳುವವರ ಮನಸ್ಸು ನೋಯದ ಹಾಗೆ ಜಾತಿ ಮುರಿಯಬೇಕಿತ್ತು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸದೆ ತಾವೇ ಅಚ್ಚು ಹಾಕಿಸಿದರು.

ಕರ್ನಾಟಕದಲ್ಲಿ ಇದರ ದೊಡ್ಡ ಪಾಠ 1973ರದು. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ಹಳ್ಳಿಯ ಯಾವ ಹುಡುಗನಿಗೂ ಗೊತ್ತು, ದನಕ್ಕೆ ಹಾಕುವ ತೌಡು, ಹೊಟ್ಟು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಲಿ ಅಂತಲೂ ಅಂದರು. ಅಷ್ಟಕ್ಕೆ ನಾಡು ಹೊತ್ತಿ ಉರಿಯಿತು. ಕನ್ನಡಿಗರ ಭಾವನೆಗೆ ನೋವಾಗಿದೆ ಅಂತ ವಿದ್ಯಾರ್ಥಿಗಳು ಬೀದಿಗಿಳಿದರು, ಕಾಲೇಜುಗಳು ಮುಚ್ಚಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಡಿಸೆಂಬರಿನಲ್ಲಿ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಕುವೆಂಪು ಅವರ ಪರವಾಗಿ ನಿಂತರು ಅನ್ನುವುದನ್ನೂ ಇಲ್ಲೇ ಬರೆದಿಡೋಣ, ಯಾಕೆಂದರೆ ನೊಂದ ಕನ್ನಡಿಗರು ಅದನ್ನು ಬೇಗ ಮರೆತರು.

ಈಗ ನಮ್ಮ ಕ್ರಿಯಾಪದ ಹಿಡಿದುಕೊಂಡು ಆ ಗಲಾಟೆಯನ್ನು ನೋಡೋಣ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಮಾಡಿದ ಮನುಷ್ಯ. ಶತಮಾನಗಳ ಕಾಲ ತಲೆಯ ಮೇಲೆ ಮಲ ಹೊರಿಸಿದ್ದಕ್ಕೆ ಯಾವ ಕಾಲೇಜೂ ಮುಚ್ಚಲಿಲ್ಲ. ಅಲ್ಲಿ ಯಾರೂ ಯಾರನ್ನೂ ನೋಯಿಸಿರಲಿಲ್ಲವಂತೆ, ಅದು ಪದ್ಧತಿಯಂತೆ. ಪದ್ಧತಿಗೆ ಕರ್ತೃ ಇಲ್ಲ. ಅದೇ ಒಬ್ಬ ದಲಿತ ಮಂತ್ರಿ ಪುಸ್ತಕಗಳ ಬಗ್ಗೆ ಒಂದು ಮಾತು ಆಡಿದ ಕೂಡಲೇ ವಾಕ್ಯಕ್ಕೆ ಕರ್ತೃ ಸಿಕ್ಕಿಬಿಟ್ಟ: ಬಸವಲಿಂಗಪ್ಪ ನಮ್ಮನ್ನು ನೋಯಿಸಿದ! ಹೆಸರು, ಊರು, ಜಾತಿ ಸಮೇತ. ಮೂರನೆಯ ವಾಕ್ಯವನ್ನು ಬಳಸುವುದು ಹೇಗೆ ಅಂತ ಮೇಲುಜಾತಿಗಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಎರಡು ವಾಕ್ಯ ನಮಗೆ ಬಿಟ್ಟಿದ್ದರು. 2015ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಜಾತಿಯ ಬಗ್ಗೆ ಪುಸ್ತಕ ಬರೆದ ದಲಿತ ವಿದ್ಯಾರ್ಥಿಯೊಬ್ಬನ ಮೇಲೆ ಹಲ್ಲೆಯಾದಾಗಲೂ ಕಾರಣ ಅದೇ ಆಗಿತ್ತು, ಯಾರದೋ ಭಾವನೆ. ವಯಸ್ಸಿನಲ್ಲಿ ಅವನು ನಮ್ಮವನೇ.

ಬೂಸಾದ ಕಾವಿನಿಂದಲೇ ದಲಿತ ಸಂಘರ್ಷ ಸಮಿತಿ ಮೇಲೆದ್ದಿತು. 1979ರ ಮಾರ್ಚಿನಲ್ಲಿ, ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಿಲ್ಲವೆಂದು, ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದರ ಘೋಷವಾಕ್ಯದೊಳಗೆ 'ನೋವು' ಅನ್ನುವ ಪದ ಇದೆ. ಅದು ನಮ್ಮ ಹಿರಿಯರು ಗೆದ್ದುಕೊಂಡದ್ದು. ನಮ್ಮ ನೋವಿಗೂ ಕಾವ್ಯ ಬೇಕು ಅಂತ ಹೇಳುವುದಕ್ಕೇ ಆಗ ಎದೆಗಾರಿಕೆ ಬೇಕಿತ್ತು. ಆದರೆ ಆಮೇಲೆ ಏನಾಯಿತು? ನಾಮಪದ ಉಳಿಯಿತು, ಕ್ರಿಯಾಪದ ಸವೆಯಿತು. ದಲಿತ ಕವಿ ಅಂದರೆ ನೋವಿನ ಕವಿ, ವಿಮರ್ಶಕರು ಬರೆದರು. ನೋವು, ಸಂಕಟ, ಕಿಚ್ಚು, ಹಸಿವು. ಮೇಲುಜಾತಿಯ ಸಹೃದಯನೂ ಓದಿ ಕಣ್ಣು ಒರೆಸಿಕೊಂಡ, ಅವನಿಗೆ ಏನೂ ಕಷ್ಟವಾಗಲಿಲ್ಲ, ಯಾಕೆಂದರೆ ಪದ್ಯದೊಳಗೆ ಅವನ ಅಪ್ಪನ ಹೆಸರು ಇರಲಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಓದುಗರು ಬೆಚ್ಚಿದ್ದು ಅಲ್ಲಿ ನೋವು ಇತ್ತು ಅಂತ ಅಲ್ಲ, ಎದುರಿಗೊಬ್ಬ ಇದ್ದ ಅಂತ. ಈಗ ಬರೆಯುತ್ತಿರುವ ನಮ್ಮ ವಾರಗೆಯವರು, ನಾವೂ ಸೇರಿ, ಎದುರಿಗಿರುವವನನ್ನು 'ವ್ಯವಸ್ಥೆ' ಅಂತ ಕರೆದು ಕೈತೊಳೆದುಕೊಳ್ಳುತ್ತೇವೆ. ವ್ಯವಸ್ಥೆಗೆ ಮುಖ ಇಲ್ಲ, ಮೊಬೈಲ್ ನಂಬರೂ ಇಲ್ಲ.

ಮುಖ ಇರುವ ಜಾಗಕ್ಕೆ ಹೋಗೋಣ. ಬೆಂಗಳೂರಿನ ಸುತ್ತ ಒಂದು ಉಂಗುರ ಇದೆ. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು, ಸಂಘದ ಡಿ.ಎಸ್. ವೈಟ್ ಹೆಸರು ಊರಿಗೆ ಬಂತು. ಎಲೆಕ್ಟ್ರಾನಿಕ್ ಸಿಟಿ 1978ರದು. 1976ರಲ್ಲಿ ಶುರುವಾದ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದನ್ನು ಕಟ್ಟಿತು. ಕಂಪ್ಯೂಟರ್ ಬಂದರೂ ವಿಳಾಸದಲ್ಲಿ ಅಗ್ರಹಾರ ಉಳಿಯಿತು. ಪೀಣ್ಯ ಬೆಳೆದದ್ದು ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳ ಮಗ್ಗುಲಲ್ಲಿ, ಸಣ್ಣ ಕಾರ್ಖಾನೆಗಳ ಊರಾಗಿ. ಆಮೇಲೆ ಅಲ್ಲಿ ಗಾರ್ಮೆಂಟ್ಸ್ ತುಂಬಿಕೊಂಡವು. ಹಳ್ಳಿಯ ಜಾತಿ ಬಿಟ್ಟು ಓಡಿಬಂದ ನಮ್ಮ ಜನ ಬಂದು ಸೇರಿದ್ದು ಈ ಉಂಗುರಕ್ಕೆ. ಅಕ್ಕ ಗಾರ್ಮೆಂಟ್ಸ್‌ಗೆ, ಭಾವ ಸೆಕ್ಯುರಿಟಿಗೆ, ಅವ್ವ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ, ಓದಿದ ತಮ್ಮ ಕಾಲ್ ಸೆಂಟರಿಗೆ.

ಈ ಉಂಗುರದಲ್ಲಿ ನೋಯಿಸುವುದಕ್ಕೆ ಹೊಸ ಪದ ಬಂದಿದೆ: ಬೇಜಾರು. ಪದ ಹೊಸದಲ್ಲ, ಪಾರಸಿಯಿಂದ ಬಂದು ಶತಮಾನಗಳಾದವು. ಬೇಸತ್ತವನು ಅಂತ ಅದರ ಅರ್ಥ. ಬಳಕೆ ಹೊಸದು. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬರಲಿಲ್ಲವೆಂದರೆ ಸೂಪರ್‌ವೈಸರ್ ಎಲ್ಲರೆದುರು ಕೂಗಾಡುತ್ತಾನೆ. 'ತಿನ್ನಕ್ ಬರುತ್ತೆ, ಹೊಲಿಯಕ್ ಬರಲ್ವಾ', 'ಎಮ್ಮೆ ಥರ ಕೂತಿದೀಯ', ಇನ್ನೂ ಇಲ್ಲಿ ಬರೆಯಲಾಗದ್ದು. ಕಣ್ಣಲ್ಲಿ ನೀರು ಬಂದರೆ ಸಂಜೆ ಅವನೇ ಬಂದು 'ಬೇಜಾರ್ ಮಾಡ್ಕೋಬೇಡಮ್ಮ' ಅನ್ನುತ್ತಾನೆ. ಗಮನಿಸಿ: ಬೇಜಾರು ಮಾಡಿದವನು ಅವನು, ಮಾಡ್ಕೊಂಡವಳು ಇವಳು. 'ಕೊಳ್ಳು' ಅನ್ನುವ ಒಂದು ಬಾಲ ಸೇರಿಸಿದ ಕೂಡಲೇ ಅಪರಾಧ ಈ ಕೈಯಿಂದ ಆ ಕೈಗೆ ದಾಟಿತು. ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗಿಯರಿಗೆ ಹಿಂದಿಯಲ್ಲಿ 'ಬುರಾ ಮತ್ ಮಾನ್ನಾ' ಅನ್ನುತ್ತಾರೆ, ಕೆಟ್ಟದ್ದು ಅಂತ ನೀನು ತಿಳ್ಕೋಬೇಡ ಅಂತ. ಅಲ್ಲೂ ತಿಳಿದುಕೊಂಡವಳದೇ ತಪ್ಪು.

2016ರ ಏಪ್ರಿಲ್ 18 ಮತ್ತು 19ರಂದು ಇದೇ ಹೆಂಗಸರು ರಸ್ತೆಗೆ ಬಂದರು. ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ನಿಯಮ ಮಾಡಿತ್ತು. ಹೊಸೂರು ರಸ್ತೆಯಲ್ಲಿ ಶುರುವಾದದ್ದು ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿಗೆ ಹಬ್ಬಿತು. ಲಾಠಿ ಬಿತ್ತು, ಕಲ್ಲು ಬಿತ್ತು, ಬಸ್ಸು ಉರಿಯಿತು. 19ರ ಸಂಜೆಗೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ದೊಡ್ಡ ಯೂನಿಯನ್ ಕರೆ ಕೊಟ್ಟದ್ದಲ್ಲ, ನಾಯಕರ ಹೆಸರಿಲ್ಲ. ಪತ್ರಿಕೆಗಳು ಪಿಎಫ್ ಗಲಾಟೆ ಅಂತ ಬರೆದವು. ದುಡ್ಡಿನ ಸಿಟ್ಟು ನಿಜ. ಆದರೆ ಬರೀ ದುಡ್ಡಿನ ಸಿಟ್ಟು ಅಂತ ನಾವು ನಂಬುವುದಿಲ್ಲ. ವರ್ಷಗಟ್ಟಲೆ ಬೇಜಾರು ಮಾಡ್ಕೋಬೇಡ ಅನ್ನಿಸಿಕೊಂಡವರು ಎರಡು ದಿನ ಬೇಜಾರು ಮಾಡಿದರು.

ಗಾಜಿನ ಕಟ್ಟಡಗಳ ಕಡೆ ಮಾತು ಮೆತ್ತಗಿದೆ. ಅಲ್ಲಿ ಯಾರೂ ಕೂಗುವುದಿಲ್ಲ. 'ನಿಮ್ಮ ಸರ್‌ನೇಮ್ ಏನು?' ಅಂತ ನಗುತ್ತಾ ಕೇಳುತ್ತಾರೆ. ನಮ್ಮಪ್ಪನ ಹೆಸರೇ ನಮ್ಮ ಸರ್‌ನೇಮು ಅಂದರೆ 'ಅಲ್ಲ, ಅಂದ್ರೆ ನೀವು...' ಅಂತ ನಿಲ್ಲಿಸುತ್ತಾರೆ. ಬಾಡಿಗೆ ಮನೆಗೆ 'ಪ್ಯೂರ್ ವೆಜ್' ಅನ್ನುತ್ತಾರೆ. ಊಟದ ಹೊತ್ತಿಗೆ ಮೆರಿಟ್ ಬಗ್ಗೆ ಚರ್ಚೆ. ದೂರು ಕೊಟ್ಟರೆ ಎಚ್‌ಆರ್‌ನಿಂದ ಒಂದು ಪತ್ರ ಬರುತ್ತದೆ: 'ನಿಮ್ಮ ಭಾವನೆಗೆ ನೋವಾಗಿದ್ದರೆ ವಿಷಾದಿಸುತ್ತೇವೆ.' ಆಗಿದ್ದರೆ! ಆಗಿದೆಯೋ ಇಲ್ಲವೋ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ರಾಜಕಾರಣಿಗಳು ನಾಲಿಗೆ ಹರಿಯಬಿಟ್ಟ ಮೇಲೆ ಓದುವ ಹೇಳಿಕೆಯೂ ಇದೇ ಅಚ್ಚಿನದು. ವಿಷಾದ ಅಂದರೆ ದುಃಖ. ನೋಯಿಸಿದವನಿಗೇ ದುಃಖವಂತೆ, ನಾವೇ ಹೋಗಿ ಸಮಾಧಾನ ಮಾಡಬೇಕೇನೋ.

ಈಗ ಕಾನೂನಿಗೆ ಮತ್ತೆ ಬರಬೇಕು, ಯಾಕೆಂದರೆ ಇಲ್ಲಿ ವ್ಯಾಕರಣ ಜೀವನ್ಮರಣದ ಪ್ರಶ್ನೆಯಾಗುತ್ತದೆ. 1989ರ ಕಾಯ್ದೆಯ 3(1)(x) ಹೇಳಿದ್ದು ಇದು: ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಅವಮಾನಿಸುವ ಉದ್ದೇಶದಿಂದ, ಸಾರ್ವಜನಿಕರ ಕಣ್ಣೆದುರಿನ ಜಾಗದಲ್ಲಿ, ಬೇಕೆಂದೇ ನಿಂದಿಸಿದರೆ ಅಪರಾಧ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಅದು 3(1)(r) ಆಯಿತು, ಜಾತಿ ಹೆಸರೆತ್ತಿ ಬೈಯುವುದಕ್ಕೆ 3(1)(s) ಬೇರೆಯಾಗಿ ಬಂತು. ಎಲ್ಲ ಭಾರ 'ಕಣ್ಣೆದುರು' ಅನ್ನುವ ಮಾತಿನ ಮೇಲಿದೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೊರಗಿನವರು ಯಾರೂ ಇಲ್ಲದ ಮನೆಯ ನಾಲ್ಕು ಗೋಡೆಯೊಳಗಿನ ಮಾತು ಈ ಕಲಮಿಗೆ ಬರುವುದಿಲ್ಲ ಅಂದಿತು. 2022ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟು, ಕಟ್ಟಡದ ನೆಲಮಾಳಿಗೆಯಲ್ಲಿ ಆಡಿದರೆನ್ನಲಾದ ಮಾತಿನ ಪ್ರಕರಣವನ್ನು ರದ್ದು ಮಾಡಿತು. ನೆಲಮಾಳಿಗೆ ಸಾರ್ವಜನಿಕ ಜಾಗವಲ್ಲ, ಅಲ್ಲಿದ್ದವರು ದೂರುದಾರನ ಜೊತೆಯ ಕೆಲಸಗಾರರು, ಸ್ನೇಹಿತರು ಅನ್ನುವ ಕಾರಣಕ್ಕೆ. ಕೋರ್ಟಿನ ತೀರ್ಪು ಕೋರ್ಟಿನದು. ಆದರೆ ಪೀಣ್ಯದ ಶೆಡ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬಿನ್ನಿನಲ್ಲಿ ಜೊತೆಯ ಕೆಲಸಗಾರರಲ್ಲದೆ ಇನ್ಯಾರು ಇರುತ್ತಾರೆ ಅನ್ನುವುದನ್ನು ನಾವು ಕೇಳಬೇಕಲ್ಲ.

2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಜಾತಿ ನಿಂದನೆಯ ಪ್ರಕರಣದಲ್ಲಿ ಆಡಿದ ಮಾತು ಏನು ಅನ್ನುವುದು ಕೊನೆಯ ಪಕ್ಷ ಆರೋಪಪಟ್ಟಿಯಲ್ಲಾದರೂ ಇರಬೇಕು. ಇದು ನಮ್ಮ ಜನರಿಗೆ ಬಹಳ ಕಷ್ಟದ್ದು. ಸ್ಟೇಷನ್ನಿನಲ್ಲಿ ನಮ್ಮವರು 'ಜಾತಿ ಎತ್ತಿ ಬೈದ್ರು ಸಾ' ಅನ್ನುತ್ತಾರೆ, ಅಷ್ಟಕ್ಕೆ ನಿಲ್ಲಿಸುತ್ತಾರೆ. ಅವನ ಬಾಯಲ್ಲಿ ಒಮ್ಮೆ ಬಂದ ಮಾತನ್ನು ತನ್ನ ಬಾಯಲ್ಲಿ, ರೈಟರ್ ಎದುರಿಗೆ, ಮಕ್ಕಳು ಪಕ್ಕದಲ್ಲಿ ನಿಂತಿರುವಾಗ ಮತ್ತೆ ಹೇಳುವುದು ಅವ್ವನಿಂದ ಆಗುವುದಿಲ್ಲ. ರೈಟರೂ ಸಲೀಸಾಗಿ 'ಜಾತಿ ನಿಂದನೆ ಮಾಡಿರುತ್ತಾರೆ, ಪಿರ್ಯಾದಿಗೆ ಮನನೋವಾಗಿರುತ್ತದೆ' ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ನೋವಾಗಿರುತ್ತದೆ. ಕೇಸು ಅಲ್ಲೇ ಅರ್ಧ ಸತ್ತಿತು.

ಹಳ್ಳಿಯ ಮೇಷ್ಟ್ರುಗಳೇ, ಸಂಘದ ಗೆಳೆಯರೇ, ಅರ್ಜಿ ಬರೆದುಕೊಡಿ ಅಂತ ಜನ ಬರುವುದು ನಿಮ್ಮ ಹತ್ತಿರ. ಅವ್ವನಿಗೆ ಹೇಳಲಾಗದಿದ್ದರೆ ಮಕ್ಕಳನ್ನು ಆಚೆ ಕಳಿಸಿ, ನೀರು ಕೊಟ್ಟು, ನಿಧಾನವಾಗಿ ಕೇಳಿ. ಯಾವ ದಿನ, ಯಾವ ಹೊತ್ತು, ಯಾವ ಜಾಗ, ಆ ಜಾಗಕ್ಕೆ ಹೊರಗಿನವರ ಕಣ್ಣು ಬೀಳುತ್ತಿತ್ತೇ, ದಾರಿಹೋಕರು, ಗಾಡಿಯವನು, ಪಕ್ಕದ ಅಂಗಡಿಯವನು ಯಾರು ಇದ್ದರು ಅಂತ ಕೇಳಿ. ಆಮೇಲೆ ಆ ಮಾತನ್ನು ಅವನು ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ, ಗ್ರಾಂಥಿಕ ಮಾಡದೆ, ಬರೆದುಕೊಳ್ಳಿ. ಮುಗಿಸಿದ ಮೇಲೆ ಅವಳಿಗೆ ಒಮ್ಮೆ ಓದಿ ಹೇಳಿ. ವಾಕ್ಯ 'ನನಗೆ' ಅಂತ ಶುರುವಾಗಿದ್ದರೆ ಹೊಡೆದುಹಾಕಿ, ಅವನ ಹೆಸರಿನಿಂದ ಶುರುಮಾಡಿ.